ಕಪ್ತಾನನ ವಂಶವಲ್ಲ ನಮ್ಮದು

ನಮ್ಮ ಕುಟುಂಬದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯೊಂದಿದೆ. ಪೋರ್ಚುಗಲ್ಲಿನ ಹಡಗಿನ ಕಪ್ತಾನನೊಬ್ಬ ಮಂಗಳೂರು ಬಂದರಿನಲ್ಲಿ ಇಳಿದನಂತೆ, ಈ ನೆಲದ ಹೆಣ್ಣನ್ನು ಮದುವೆಯಾದನಂತೆ, ಡಿಸೋಜ ಎಂಬ ಹೆಸರು ಅವನಿಂದಲೇ ಬಂತಂತೆ. ಮನೆಯಲ್ಲಿ ಬೆಕ್ಕಿನ ಕಣ್ಣಿನ ಮಗು ಹುಟ್ಟಿದರೆ ಸಾಕು, ಕಥೆಗೆ ಸಾಕ್ಷಿ ಸಿಕ್ಕಿದಂತಾಗುತ್ತಿತ್ತು. ಕುಟುಂಬ ಸಮ್ಮಿಲನದ ಈ ಸಂಚಿಕೆಯಲ್ಲಿ ವಂಶವೃಕ್ಷ ಅಚ್ಚಾಗುತ್ತಿರುವುದರಿಂದ, ಅದರ ಬೇರಿನಲ್ಲಿ ಯಾರನ್ನು ಕೂರಿಸಬೇಕೆಂಬ ಪ್ರಶ್ನೆಯನ್ನು ಈಗಲೇ ಇತ್ಯರ್ಥ ಮಾಡುವುದು ಒಳ್ಳೆಯದು.

ಕಥೆ ಶೂನ್ಯದಿಂದ ಹುಟ್ಟಿದ್ದಲ್ಲ. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕ್ ತನ್ನ ಸೈನಿಕರಿಗೆ ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಲು ಉತ್ತೇಜನ ಕೊಟ್ಟದ್ದು ನಿಜ. ಆದರೆ ಆ ಮದುವೆಗಳ ಸಂತಾನವನ್ನು ಅಲ್ಲಿ ಪ್ರತ್ಯೇಕ ವರ್ಗವಾಗಿಯೇ ಕಾಣುತ್ತಿದ್ದರು. ಅವರ ಬದುಕು ಹೆಚ್ಚಾಗಿ ರಾಜಧಾನಿಯ, ಕೋಟೆಗಳ ಸುತ್ತಲೇ ಇತ್ತು. ಮಂಗಳೂರಿನ ಸುತ್ತಲಿನ ಕೆನರಾಕ್ಕೆ ಬಂದು ಗದ್ದೆ ಉತ್ತವರು ಬೇರೆಯವರು.

ಹಾಗಾದರೆ ಹೆಸರು? ಗೋವೆಯ ಸಾಲ್ಸೇಟೆಯಲ್ಲಿ ಜೆಸ್ವಿತರು, ಬಾರ್ದೇಜಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಊರೂರುಗಳಿಗೆ ಜ್ಞಾನಸ್ನಾನ ಕೊಟ್ಟಾಗ, ಹೊಸ ಕ್ರೈಸ್ತರಿಗೆ ಜ್ಞಾನಪಿತನಾಗಿ ನಿಂತವನ ಇಲ್ಲವೇ ಪಾದ್ರಿಯ ಅಡ್ಡಹೆಸರೇ ಬರುತ್ತಿತ್ತು. ಜ್ಞಾನಪಿತ ಸೈನಿಕನಿರಬಹುದು, ಅಧಿಕಾರಿಯಿರಬಹುದು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ದಿನ ಜ್ಞಾನಸ್ನಾನ ಪಡೆದರೆ ಒಬ್ಬ ಡಿಸೋಜ, ಇನ್ನೊಬ್ಬ ಪಿಂಟೊ ಆಗಬಹುದಿತ್ತು. 1542ರಿಂದ 1545ರವರೆಗೆ ಗೋವೆಯ ಗವರ್ನರನಾಗಿದ್ದವನ ಹೆಸರೇ ಮಾರ್ಟಿಂ ಅಫೋನ್ಸೊ ಡಿಸೋಜ. ಗೋವೆಯಿಂದ ಮಂಗಳೂರಿನವರೆಗೆ ಇರುವ ಸಾವಿರಾರು ಡಿಸೋಜ ಮನೆಗಳೆಲ್ಲ ಒಬ್ಬ ಕಪ್ತಾನನ ಮಕ್ಕಳಾಗಿರುವುದು ಸಾಧ್ಯವೇ? ಅಡ್ಡಹೆಸರಿನಿಂದ ರಕ್ತಸಂಬಂಧ ಲೆಕ್ಕ ಹಾಕಲು ಆಗುವುದಿಲ್ಲ.

ನಮ್ಮವರು ದಕ್ಷಿಣಕ್ಕೆ ಬಂದದ್ದೂ ವ್ಯಾಪಾರದ ಹಡಗಿನಲ್ಲಲ್ಲ. 1560ರಲ್ಲಿ ಮತಭ್ರಷ್ಟರ ವಿಚಾರಣೆಗೆಂದು ಶುರುವಾದ ಇನ್‌ಕ್ವಿಸಿಶನ್, ತೆರಿಗೆಯ ಹೊರೆ, ಬರ, ರೋಗ, 1683ರಲ್ಲಿ ಸಂಭಾಜಿಯ ದಂಡು ಗೋವೆಯ ಮೇಲೆ ಬಿದ್ದದ್ದು, ಇವೆಲ್ಲ ಜನರನ್ನು ಅಲೆ ಅಲೆಯಾಗಿ ಹೊರಡಿಸಿದವು. ಕೆಳದಿ ನಾಯಕರಿಗೆ ಭೂಮಿ ಸಾಗುವಳಿ ಮಾಡುವ ಕೈಗಳು ಬೇಕಾಗಿದ್ದವು. ಬಂದವರಿಗೆ ನೆಲೆ ಸಿಕ್ಕಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದದ್ದು ಈ ಕಾಲದಲ್ಲೇ.

ಈ ವಲಸೆಯ ನೆನಪುಗಳ ಕೊಂಡಿ ಕಡಿದದ್ದು 1784ರಲ್ಲಿ. ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರೆಷ್ಟೋ. ಇಗರ್ಜಿಗಳು ಬಿದ್ದವು, ಅವುಗಳ ದಾಖಲೆ ಪುಸ್ತಕಗಳು ಹೋದವು. 1799ರ ನಂತರ ಉಳಿದವರು ಮರಳಿದಾಗ, ಅಜ್ಜ ಯಾವ ಊರಿನಿಂದ ಬಂದನೆಂದು ಹೇಳಬಲ್ಲ ಹಿರಿಯರು ಎಷ್ಟು ಮನೆಗಳಲ್ಲಿ ಉಳಿದಿದ್ದರು? ಆಮೇಲಿನ ಜ್ಞಾನಸ್ನಾನದ ಪುಸ್ತಕಗಳಲ್ಲಿ ಮಗುವಿನ ಹೆಸರು, ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ, ಕೆಳಗೆ ಪಾದ್ರಿಯ ಸಹಿ. ಮೂಲ ಊರಿನ ಬಗ್ಗೆ ಒಂದಕ್ಷರವಿಲ್ಲ. ಆ ಖಾಲಿ ಜಾಗದಲ್ಲಿ ಕಪ್ತಾನ ಬಂದು ಕುಳಿತ ಎಂಬುದು ನನ್ನ ನಂಬಿಕೆ. ಬಿಳಿಯರು ಆಳುತ್ತಿದ್ದ ಕಾಲದಲ್ಲಿ ಬಿಳಿಯ ಪೂರ್ವಜನಿಂದ ಮರ್ಯಾದೆ ಹೆಚ್ಚುತ್ತಿತ್ತು.

ಕಾಗದ ಹೇಳದ್ದನ್ನು ನಮ್ಮ ಅಡುಗೆಮನೆ ಹೇಳುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಮಂತ್ರಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತೇವೆ. ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದು ಮೀನು ಮಾಂಸ ಇಲ್ಲ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು: ಐದು, ಏಳು, ಒಂಬತ್ತು. ನೆರೆಯ ತುಳುವರ ಮನೆಯ ಹೊಸ ಅಕ್ಕಿಯೂಟ ಪುದ್ವಾರಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಮದುಮಗಳ ಮೈಗೆ ತೆಂಗಿನ ಹಾಲು ಹಚ್ಚುವಾಗ ಹಾಡುವ ವೊವಿಯೊ ಕೊಂಕಣಿಯವು. ಇಂಥ ಆಚಾರಗಳನ್ನು ಬಿಡಿಸಲೆಂದೇ 1736ರಲ್ಲಿ ಗೋವೆಯ ಇನ್‌ಕ್ವಿಸಿಶನ್ ನಿಷೇಧದ ಆಜ್ಞೆ ಹೊರಡಿಸಿತ್ತು. ಆಜ್ಞೆ ಹೋಯಿತು, ಆಚಾರ ಉಳಿಯಿತು. ಈ ಜನ ಕೊಂಕಣದ ಬೇಸಾಯಗಾರರ ಸಂತತಿಯೆಂಬುದಕ್ಕೆ ಬೆಕ್ಕಿನ ಕಣ್ಣಿಗಿಂತ ಇದು ಗಟ್ಟಿ ಸಾಕ್ಷಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕಪ್ತಾನನನ್ನು ಇಳಿಸಿದ ಕೂಡಲೇ ಕೆಲವರು ಅದೇ ಪೀಠಕ್ಕೆ ಸಾರಸ್ವತ ಪ್ರಭುವನ್ನೋ ಕಾಮತನನ್ನೋ ಏರಿಸಲು ಹೊರಟಿದ್ದಾರೆ. ಹಳೆಯ ಹೆಸರನ್ನು ಜತನದಿಂದ ಉಳಿಸಿಕೊಂಡ ಮನೆತನಗಳಿವೆ. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಹೋದ ಜೆ. ಎಂ. ಲೋಬೊ ಪ್ರಭು ಎರಡೂ ಹೆಸರನ್ನು ಹೊತ್ತವರು. ಆದರೆ ಮತಾಂತರವಾದವರಲ್ಲಿ ಎಲ್ಲ ಜಾತಿಯವರೂ ಇದ್ದರು. ದಾಖಲೆಯಿಲ್ಲದೆ ಪ್ರಭುವೆಂದು ಬರೆದುಕೊಂಡರೆ ಒಂದು ಸುಳ್ಳಿನ ಜಾಗಕ್ಕೆ ಇನ್ನೊಂದು ಸುಳ್ಳು ಬಂತು ಅಷ್ಟೆ. ಉತ್ತವನ, ಕಳ್ಳು ಇಳಿಸಿದವನ, ಬಲೆ ಬೀಸಿದವನ ಮೊಮ್ಮಗನಾಗಿರುವುದರಲ್ಲಿ ಯಾವ ಕೊರತೆಯಿದೆ?

ಹುಡುಕುವವರಿಗೆ ದಾರಿ ಇದೆ. ಊರಿನ ಮೂಲ ಮನೆತನಗಳು ಜಮೀನನ್ನು ಒಟ್ಟಾಗಿ ನಡೆಸುವ ಗೋವೆಯ ಗಾಂವ್ಕಾರಿ ಪದ್ಧತಿಯನ್ನು ಪೋರ್ಚುಗೀಸರು 1526ರಷ್ಟು ಹಿಂದೆಯೇ ಬರವಣಿಗೆಗೆ ಇಳಿಸಿದರು. ಹಲವು ಊರುಗಳ ಗಾಂವ್ಕಾರಿ ಪುಸ್ತಕಗಳು ಪಣಜಿಯ ಪತ್ರಾಗಾರದಲ್ಲಿವೆ. ಆದರೆ ಊರಿನ ಹೆಸರು ಗೊತ್ತಿಲ್ಲದೆ ಅವುಗಳಲ್ಲಿ ಹುಡುಕುವುದು ಬಲು ಕಷ್ಟ.

ಆದ್ದರಿಂದ ಕುಟುಂಬದ ಎಲ್ಲರಲ್ಲಿ ಒಂದು ವಿನಂತಿ. ನಿಮ್ಮ ಅಜ್ಜ, ಅಜ್ಜಿ ಗೋವೆಯ ಯಾವುದಾದರೂ ಊರಿನ ಹೆಸರು, ಹಳೆಯ ಮನೆಹೆಸರು, ದೈವದ ಅಥವಾ ದೇವಸ್ಥಾನದ ನೆನಪು ಹೇಳಿದ್ದರೆ, ಯಾರು ಯಾವಾಗ ಹೇಳಿದರೆಂಬುದರ ಸಮೇತ ಬರೆದು ಸಂಪಾದಕರಿಗೆ ಕಳುಹಿಸಿ. ಅಲ್ಲಿಯವರೆಗೆ ವಂಶವೃಕ್ಷವನ್ನು ಇಗರ್ಜಿಯ ಪುಸ್ತಕದಲ್ಲಿ ಕಂಡ ಮೊದಲ ಹೆಸರಿನಿಂದಲೇ ಆರಂಭಿಸೋಣ.