ಟೋಸ್ಟಿನ ದಾಯಾದಿಗಳು

ನನ್ನ ಮನೆ ಶ್ರೀಕಾರ್ಯಂನಲ್ಲಿ, ಕೆಲಸ ಹತ್ತಿರದ ಟೆಕ್ನೋಪಾರ್ಕಿನಲ್ಲಿ. ನಮ್ಮ ತಂಡದವರ ಮಾತಿನಲ್ಲಿ ‘ಟೋಸ್ಟ್’ ಎಂದರೆ ತಿನ್ನುವ ವಸ್ತುವಲ್ಲ. ಮೊಬೈಲ್ ಪರದೆಯ ಕೆಳಗೆ ಒಂದು ಸಾಲಿನ ಸಂದೇಶ ಮೂಡಿ, ಯಾರೂ ಮುಟ್ಟದೆಯೇ ಮಾಯವಾಗುತ್ತದಲ್ಲ, ಅದು ಟೋಸ್ಟ್. ಟೋಸ್ಟರಿನಿಂದ ಬ್ರೆಡ್ ಚಿಮ್ಮಿದ ಹಾಗೆ ಬರುತ್ತದೆಂದು ಆ ಹೆಸರು. ತಾನಾಗಿ ಬ್ರೆಡ್ ಮೇಲೆತ್ತುವ ಆ ಯಂತ್ರಕ್ಕೆ ಅಮೆರಿಕದ ಚಾರ್ಲ್ಸ್ ಸ್ಟ್ರೈಟ್ 1921ರಲ್ಲಿ ಪೇಟೆಂಟ್ ಪಡೆದರು.

ಗ್ಲಾಸ್ ಎತ್ತಿ ಶುಭ ಕೋರುವ ಟೋಸ್ಟ್ ಇದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ಮಸಾಲೆ ಸವರಿ ಸುಟ್ಟ ಬ್ರೆಡ್ ತುಂಡನ್ನು ಮದ್ಯದಲ್ಲಿ ಅದ್ದಿ ರುಚಿ ಹೆಚ್ಚಿಸುತ್ತಿದ್ದರು. ಬ್ರೆಡ್ ಪಾನೀಯಕ್ಕೆ ರುಚಿ ಕೊಟ್ಟಂತೆ ಸುಂದರಿಯೊಬ್ಬಳ ಹೆಸರು ಕೂಟಕ್ಕೆ ಕಳೆ ಕೊಡುತ್ತದೆ ಎಂಬ ಭಾವದಿಂದ, ಯಾರ ಹೆಸರಿನಲ್ಲಿ ಕುಡಿಯುತ್ತಿದ್ದರೋ ಅವಳೇ ‘ಟೋಸ್ಟ್’ ಆದಳು. ರಿಚರ್ಡ್ ಸ್ಟೀಲ್ ತಮ್ಮ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ 1709ರಲ್ಲೇ ಈ ಪದದ ಹುಟ್ಟಿನ ಕತೆ ಹೇಳಿದ್ದರು.

ನಮ್ಮ ಬೆಂಗಳೂರು ಟೋಸ್ಟಿಗೆ ಇನ್ನೊಂದು ಕೆಲಸ ಕೊಟ್ಟಿತು. ವಿಶ್ವೇಶ್ವರಪುರದಲ್ಲಿ 1953ರಲ್ಲಿ ಶುರುವಾದ ವಿ.ಬಿ. ಬೇಕರಿಯಂಥ ಅಯ್ಯಂಗಾರ್ ಬೇಕರಿಗಳಲ್ಲಿ ಟೋಸ್ಟ್ ಎಂದರೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿಯ ಪಲ್ಯ ಹೊತ್ತ ಬ್ರೆಡ್.

ಬೇರು ಹುಡುಕಿದರೆ ಸೋಜಿಗ ಕಾದಿದೆ. ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನಿಂದ ಬಂತು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನ ‘ತೊರ್ರೆರೆ’ ಎಂದರೆ ಒಣಗಿಸು, ಹುರಿ. ಅದರ ಮೂಲಧಾತುವಿನಿಂದಲೇ ಇಂಗ್ಲಿಷಿನ ‘ಥರ್ಸ್ಟ್’ ಹುಟ್ಟಿತು, ಸಂಸ್ಕೃತದ ‘ತೃಷ್ಣಾ’ ಕೂಡ. ಅಂದರೆ ಟೋಸ್ಟೂ ನಮ್ಮ ತೃಷೆಯೂ ದಾಯಾದಿಗಳು! ಒಂದು ಒಣಗಿದ ಬ್ರೆಡ್, ಇನ್ನೊಂದು ಒಣಗಿದ ಗಂಟಲು.

ನಮ್ಮ ದ್ರಾವಿಡ ಮನೆತನದಲ್ಲೂ ಇಂಥ ನಂಟುಗಳಿವೆ. ಕನ್ನಡದ ‘ಹುರಿ’, ಮಲಯಾಳಂನ ‘ಪೊರಿ’ ಒಂದೇ ಬೇರಿನವು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಮಲಯಾಳಂನಲ್ಲಿ ಹಾಗೇ ಉಳಿಯಿತು. ಆದರೂ ಕಡಲೆಪುರಿ ತಿನ್ನುವಾಗ ನಾವು ಆ ಹಳೆಯ ಪಕಾರವನ್ನೇ ಉಚ್ಚರಿಸುತ್ತೇವೆ.

ಇಲ್ಲಿನ ಕನ್ನಡ ಕುಟುಂಬಗಳು ಸೇರಿದಾಗಲೆಲ್ಲ ಒಂದು ದೂರು ಕೇಳುತ್ತದೆ: ಮಕ್ಕಳು ಹಾಲಿಗೆ ‘ಪಾಲ್’ ಅನ್ನುತ್ತಾರೆ, ಕನ್ನಡ ಕಲಬೆರಕೆಯಾಯಿತು. ‘ಪಾಲ್’ ಹಳಗನ್ನಡದ ಪದವೂ ಹೌದು ಎಂದರೆ ದೊಡ್ಡವರು ನಗುತ್ತಾರೆ. ಆದರೆ ಅವರ ಆತಂಕ ಸುಳ್ಳಲ್ಲ. ಬೆರಕೆಯಿಂದ ಪದ ಸಾಯುವುದಿಲ್ಲ, ಕೆಲಸವಿಲ್ಲದೆ ಸಾಯುತ್ತದೆ. ಟೋಸ್ಟ್ ಬದುಕಿದ್ದು ಅಡುಗೆಮನೆ, ಪಾನಗೃಹ, ಬೇಕರಿ, ಕಂಪ್ಯೂಟರ್ ಎಲ್ಲವೂ ಅದಕ್ಕೆ ಕೆಲಸ ಕೊಟ್ಟಿದ್ದರಿಂದ. ನಮ್ಮ ಮನೆಗಳಲ್ಲಿ ಕನ್ನಡಕ್ಕೆ ಹಬ್ಬದ ದಿನದ ಹಾಡಿನ ಕೆಲಸವಷ್ಟೇ ಉಳಿದರೆ ಸಾಲದು. ಜಗಳ, ಲೆಕ್ಕ, ಹೋಂವರ್ಕ್, ಹರಟೆ ಎಲ್ಲದಕ್ಕೂ ಅದನ್ನು ಕರೆಯಬೇಕು. ನಡುವೆ ನಾಲ್ಕು ಮಲಯಾಳಂ ಪದಗಳು ನುಸುಳಿದರೆ ಬರಲಿ ಬಿಡಿ, ನೆಂಟರೇ ತಾನೆ.