ಆಯದ ಜೋಳದಿಂದ ಹಾರದ ದರದವರೆಗೆ

ರಾಜರ ಇತಿಹಾಸ ಪಠ್ಯಪುಸ್ತಕದಲ್ಲಿದೆ. ಲಗ್ನದ ಹಂದರಕ್ಕೆ ಹೂ ಕೊಟ್ಟವರ ಇತಿಹಾಸವನ್ನು ಬರೆಯುವವರು ಯಾರು? ಸೊಲ್ಲಾಪುರ, ಅಕ್ಕಲಕೋಟ ಭಾಗದ ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಜನ. ನಮ್ಮ ಸಲಗರ ಬುದ್ರುಕದ ಹೆಸರಿನಲ್ಲಿ ಪಾರಸಿಯೂ ಇದೆ. ಬುದ್ರುಕ ಎಂದರೆ ದೊಡ್ಡದು ಎಂದರ್ಥ. ನಮ್ಮ ಲಗ್ನದ ಹಾರವೂ ಹೀಗೆಯೇ, ಹಲವು ಕಡೆಯಿಂದ ಬಂದದ್ದು.

ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಓದಿದರೆ ಗುಡಿಗೆ ಇಷ್ಟು ಮತ್ತರು ಭೂಮಿ, ಒಂದು ಗಾಣ, ಒಂದು ಪೂದೋಂಟ ಬಿಟ್ಟರೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪೂದೋಂಟವೆಂದರೆ ಹೂದೋಟ. ಕಲ್ಲಿನಲ್ಲಿ ಕೆತ್ತಿಸುವಷ್ಟು ಹೂವಿಗೆ ಬೆಲೆಯಿತ್ತು. 12ನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನೆಂಬ ಶರಣನಿದ್ದ. ಹೂವು ಪತ್ರಿ ಒದಗಿಸುವುದೇ ಅವನ ಕಾಯಕ. ಅದೇ ಶತಮಾನದ ನಮ್ಮ ಸೊನ್ನಲಿಗೆಯ ಸಿದ್ಧರಾಮರ ಜಾತ್ರೆ ಇಂದಿಗೂ ಸಂಕ್ರಾಂತಿಗೆ ನಡೆಯುತ್ತದೆ. ಕುಂಬಾರ ಕನ್ಯೆಯೊಡನೆ ಸಿದ್ಧರಾಮರ ಲಗ್ನವೆಂದು ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ. ಏಳು ನಂದಿಧ್ವಜಗಳು ಮದುಮಕ್ಕಳಂತೆ ಹಾರ, ಬಾಸಿಂಗ ಧರಿಸಿ ಬರುತ್ತವೆ. ಊರಿಗೆ ಊರೇ ಬೀಗರಾಗುವ ಲಗ್ನವಿದು!

ಹಳ್ಳಿಯ ಲಗ್ನಗಳಿಗೆ ಹೂ ಎಲ್ಲಿಂದ ಬರುತ್ತಿತ್ತು? ನಮ್ಮಲ್ಲಿ ಹೂಗಾರರೆಂದೂ ಮರಾಠಿಯಲ್ಲಿ ಗುರವರೆಂದೂ ಕರೆಯುವ ಮನೆಗಳಿಂದ. ಮರಾಠಿ ನಾಡಿನ ಹನ್ನೆರಡು ಬಲುತೇದಾರರಲ್ಲಿ ಗುರವನೂ ಒಬ್ಬ. ಸೋಮವಾರಕ್ಕೆ ಬಿಲ್ವಪತ್ರಿ, ಲಗ್ನಕ್ಕೆ ದಂಡಿ, ಬಾಸಿಂಗ, ಹಾರ ಅವರದೇ ಹೊಣೆ. ಹಾರಕ್ಕೆ ಇಷ್ಟು ಎಂಬ ದರವಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಜೋಳ ಅಳೆದು ಕೊಡುತ್ತಿದ್ದರು. ಇದೇ ಆಯ. ಲಗ್ನದ ಮನೆಯಲ್ಲಿ ಊಟ, ಉಡುಗೊರೆ ಬೇರೆ.

ಈ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಹೂಗಾರನ ಮಗ ಹೂಗಾರನೇ ಆಗಬೇಕಿತ್ತು. ಕೊಟ್ಟಷ್ಟು ಪಡೆಯಬೇಕು, ಒಲ್ಲೆ ಎನ್ನುವ ಹಾಗಿಲ್ಲ. ಆದರೆ ಅವನ ಹೂವನ್ನು ಯಾರೂ ಬೇಡ ಎನ್ನುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. 1972ರಂಥ ಬರದಲ್ಲಿ ಈ ಆಸರೆಯೂ ಕುಸಿಯಿತು. ರಾಶಿಯೇ ಇಲ್ಲದ ವರ್ಷ ಆಯ ಎಲ್ಲಿಂದ ಬರಬೇಕು?

ಇನ್ನು ಹೂವಿನ ಸಂಗತಿ. ಮಲ್ಲಿಗೆ, ಸಂಪಿಗೆ, ಕಣಗಿಲೆ ನಮ್ಮ ಹಳೆಯ ಹೂಗಳು. ದಸರೆಗೆ ಬೇಕೇ ಬೇಕಾದ ಚೆಂಡು ಹೂವಿನ ತವರು ಮಾತ್ರ ಮೆಕ್ಸಿಕೊ! ಮರಾಠಿಯಲ್ಲಿ ನಿಶಿಗಂಧ ಎನ್ನುವ ಸುಗಂಧರಾಜವೂ ಅಲ್ಲಿಯದೇ. ಪೋರ್ಚುಗೀಸರು ಬಂದ ಮೇಲೆ ಅಮೆರಿಕದ ಮೆಣಸಿನಕಾಯಿಯಂತೆ ಇವೂ ನಮ್ಮವಾದವು. ಸೇವಂತಿಗೆಯ ಮೂಲ ಚೀನಾ. ಸುಗಂಧರಾಜದಲ್ಲಿ ಶೃಂಗಾರ, ಸುವಾಸಿನಿ ಎಂಬ ತಳಿಗಳನ್ನು ಹೊರತಂದದ್ದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ.

ಬಾವಿ, ಬೋರು, ಹನಿ ನೀರಾವರಿ ಬಂದಂತೆ ಜಾತಿ ಯಾವುದೇ ಇರಲಿ, ಅರ್ಧ ಎಕರೆ ಇದ್ದವರೂ ಹೂ ಬೆಳೆಯುವಂತಾಯಿತು. ಇದು ದೊಡ್ಡ ಬದಲಾವಣೆ. ಚೆಂಡು ಹೂ ಸಸಿ ನಾಟಿ ಮಾಡಿ ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಎಲ್ಲರೂ ದಸರೆಯನ್ನೇ ನೋಡಿ ಹಚ್ಚಿದರೆ ದರ ಬೀಳುತ್ತದೆ. ಹದಿನೈದು ದಿನಕ್ಕೊಂದು ಮಡಿಯಂತೆ ಹಚ್ಚಿದರೆ ತುಳಸಿ ಲಗ್ನದ ನಂತರದ ಮುಹೂರ್ತಗಳಿಗೂ ಹೂ ಸಿಗುತ್ತದೆ. ಮುಹೂರ್ತದ ಹಿಂದಿನ ದಿನ ಬಂಗಾರವಾದ ಹೂ ಮರುದಿನ ಕಸ. ಜೋಳದಂತೆ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲವಲ್ಲ! ಅದೂ ಅಲ್ಲದೆ ಈಗ ಮಂಟಪದ ಗುತ್ತಿಗೆದಾರರಿಗೆ ಪಾಲಿಹೌಸಿನ ಜರ್ಬೆರಾ ಬೇಕು, ಥಾಯ್ಲೆಂಡಿನ ಆರ್ಕಿಡ್ ಬೇಕು. ಪ್ಲಾಸ್ಟಿಕ್ ಹೂವನ್ನಂತೂ ತೊಳೆದು ಹತ್ತು ಲಗ್ನಕ್ಕೆ ಕಟ್ಟುತ್ತಾರೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಗುಡಿಗಳು ಮುಚ್ಚಿದವು, ಲಗ್ನಗಳು ಮುಂದೆ ಹೋದವು. ಗಿಡಕ್ಕೆ ಮಾತ್ರ ಅದು ಗೊತ್ತಾಗಲಿಲ್ಲ, ಅದು ಅರಳಿತು. ಬೆಳೆದವರು ಹೂವನ್ನು ಕುರಿ ದನಗಳಿಗೆ ಬಿಟ್ಟರು, ತೋಟವನ್ನೇ ರಂಟೆ ಹೊಡೆದು ಮಣ್ಣಿಗೆ ಸೇರಿಸಿದರು. ಆಗ ಅವರ ಬೆನ್ನಿಗೆ ಆಯದ ಜೋಳವೂ ಇರಲಿಲ್ಲ.

ನಮಗೆ ತೋರುವುದಿಷ್ಟು. ಹಳೆಯ ಹೂಗಾರನಿಗೆ ದರ ಇರಲಿಲ್ಲ, ಸಂಬಂಧವಿತ್ತು. ಇಂದಿನ ಹೂ ಬೆಳೆಗಾರನಿಗೆ ದರವಿದೆ, ಸಂಬಂಧವಿಲ್ಲ. ಜಾತಿಯ ಕಟ್ಟು ಹೋದದ್ದು ಒಳ್ಳೆಯದೇ ಆಯಿತು, ಆದರೆ ಭರವಸೆಯೂ ಅದರೊಡನೆ ಹೋಗಬೇಕಿರಲಿಲ್ಲ. ಬ್ಯಾಂಡಿನವರಿಗೆ, ಅಡಿಗೆಯವರಿಗೆ ತಿಂಗಳು ಮೊದಲೇ ಎಲೆ ಅಡಿಕೆ ಕೊಟ್ಟು ಮುಂಗಡ ಹಣ ಕೊಡುತ್ತೇವೆ. ಊರಿನ ಹೂ ತೋಟದವರಿಗೂ ಹಾಗೆಯೇ ಎರಡು ತಿಂಗಳು ಮೊದಲು ಹೇಳಿದರೆ ಸಸಿ ಹಚ್ಚುವಾಗಲೇ ಅವರ ಹೂವಿಗೆ ಒಂದು ಮನೆ ಗೊತ್ತಾಗಿರುತ್ತದೆ. ಲಗ್ನದ ತಾರೀಖು ಹಿಡಿದ ದಿನವೇ ಈ ಕೆಲಸವನ್ನೂ ಮಾಡಿರಿ.