‘ಗರಿಗರಿ’ ಶಬ್ದದ ಅರ್ಥ ಮತ್ತು ಮೂಲ

ಶಬ್ದವಿಚಾರದಲ್ಲಿ ತೊಡಗಿದವರ ದೃಷ್ಟಿಯು ಶಾಸನಕಾವ್ಯಗಳ ಕಡೆಗೆ ಹರಿಯುವಷ್ಟು ಅಡುಗೆಮನೆಯ ಕಡೆಗೆ ಹರಿಯುವುದು ವಿರಳ. ಆದರೆ ಒಂದು ಮಾತು ಬರಿಯ ಅನುಕರಣವೋ, ಅರ್ಥವುಳ್ಳ ಪದದಿಂದ ಹುಟ್ಟಿದುದೋ ಎಂಬ ಪ್ರಶ್ನೆಗೆ ಅಲ್ಲಿಯೂ ಸಾಮಗ್ರಿಯುಂಟು. ‘ಗರಿಗರಿ’ ಎಂಬ ಮಾತನ್ನು ಇಲ್ಲಿ ನಿದರ್ಶನವಾಗಿ ಎತ್ತಿಕೊಂಡಿದ್ದೇವೆ.

ಮೊದಲು ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಬಿಜೂರು ಮೊದಲಾದ ಕರಾವಳಿಯ ಊರುಗಳಲ್ಲಿ ಹಲಸಿನ ಹಪ್ಪಳವನ್ನು ಬೇಸಗೆಯ ಬಿಸಿಲಿನಲ್ಲಿಯೇ ಒಣಗಿಸಿಡುವುದು ವಾಡಿಕೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ, ಕರಿದ ಹಪ್ಪಳವು ಮಳೆಗಾಲದಲ್ಲಿ ತುಸು ಹೊತ್ತು ತೆರೆದಿದ್ದರೂ ತೇವವನ್ನು ಹೀರಿ ಮೆತ್ತಗಾಗುವುದು. ಕಾದ ಎಣ್ಣೆಯಲ್ಲಿ ಹಿಟ್ಟಿನೊಳಗಣ ನೀರು ಆವಿಯಾಗಿ ಹೊರಟು, ಉಳಿದ ಪೊಳ್ಳುಗಳ ತೆಳುಗೋಡೆಗಳು ಬಿರುಸಾಗುವುದರಿಂದಲೇ ಗರಿಗರಿತನವು ಉಂಟಾಗುವುದು. ಆದುದರಿಂದ ಗರಿಗರಿಗೆ ವಿರುದ್ಧವಾದುದು ಮೌನವಲ್ಲ, ಮೆದುತನ.

‘ಕುರುಕುರು’ ಎಂಬುದು ಇದರಿಂದ ಭಿನ್ನ. ಅದು ಹಲ್ಲಿಗೆ ಸಿಕ್ಕಿದಾಗ ಕೇಳುವ ಸದ್ದು. ‘ಕುರುಕು’, ‘ಕುರುಕಲು’ ಎಂಬ ಮಾತುಗಳು ಅದರ ಬಳಗದವು. ಗಂಜಿ ಹಾಕಿದ ಪಂಚೆಯನ್ನೂ ಹೊಸ ನೋಟನ್ನೂ ಗರಿಗರಿಯೆನ್ನುವೆವು, ಕುರುಕುರು ಎನ್ನುವುದಿಲ್ಲ. ಒಂದು ವಸ್ತುವಿನ ಸ್ಥಿತಿಯನ್ನು ಹೇಳಿದರೆ, ಇನ್ನೊಂದು ಧ್ವನಿಯನ್ನು ಹೇಳುತ್ತದೆ.

ಇನ್ನು ಮೂಲದ ವಿಚಾರ. ಅನುಕರಣ ಶಬ್ದಗಳನ್ನು 13ನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ಗಮನಿಸಿದ್ದಾನೆ. ಇಂಥ ಶಬ್ದಗಳು ಭಾರತದ ಹಲವು ಭಾಷಾವಂಶಗಳಿಗೆ ಸಮಾನವಾದ ಲಕ್ಷಣವೆಂದು ಎಮೆನೊ ಅವರು 1969ರಲ್ಲಿ ಪ್ರತಿಪಾದಿಸಿದರು. ತೆಲುಗಿನಲ್ಲಿ ಇದೇ ಅರ್ಥಕ್ಕೆ ‘ಕರಕರ’ ಎಂಬುದಿದೆ. ಇಷ್ಟರಿಂದ ‘ಗರಿಗರಿ’ಯೂ ಅನುಕರಣವೇ ಎನ್ನುವವರ ಪಕ್ಷಕ್ಕೆ ಬಲ ಬರುತ್ತದೆ.

ಆದರೆ ಶಬ್ದದ ರೂಪವು ಬೇರೊಂದನ್ನು ಸೂಚಿಸುವಂತಿದೆ. ಕನ್ನಡದ ಅನುಕರಣಗಳಲ್ಲಿ ಸಾಮಾನ್ಯವಾಗಿ ಎರಡನೆಯ ಸ್ವರವು ಮೊದಲನೆಯದರಂತೆಯೇ ಇರುತ್ತದೆ: ಪಟಪಟ, ಪಿಳಿಪಿಳಿ, ಗುಳುಗುಳು. ಇಲ್ಲವೆ ಅಕಾರವಾಗಿರುತ್ತದೆ: ಗಿರಗಿರ, ಘುಮಘುಮ. ಅಕಾರದ ಮುಂದೆ ಇಕಾರ ಬರುವುದು ವಿರಳ. ಹಾಗೆ ಬಂದ ‘ಹಸಿಹಸಿ’ಯು ‘ಬಿಸಿಬಿಸಿ’ಯಂತೆಯೇ ಅರ್ಥವುಳ್ಳ ಪದದ ದ್ವಿರುಕ್ತಿ. ‘ಗರಿ’ಯೂ ಅಂಥ ಪದವೇ: ಹಕ್ಕಿಯ ಪುಕ್ಕ, ತೆಂಗು ತಾಳೆಗಳ ಎಲೆ. ಒಣಗಿದ ಓಲೆಗರಿಯು ತೆಳ್ಳಗೆ, ಬಿರುಸಾಗಿ, ಮಡಿಸಿದರೆ ಮುರಿಯುವಂತಿರುತ್ತದೆ; ಹಪ್ಪಳದ ಗುಣವೂ ಅದೇ.

ಹೀಗಿರುವುದರಿಂದ, ಸದ್ದಿನಿಂದ ಹುಟ್ಟಿದ ಹಳೆಯದೊಂದು ಮಾತು ಕನ್ನಡದಲ್ಲಿ ಎಲೆಯ ಹೆಸರಿನ ಸೆಳೆತಕ್ಕೆ ಸಿಕ್ಕಿ ‘ಗರಿಗರಿ’ಯಾಯಿತೆಂದು ಊಹಿಸುವುದು ಅಸಂಗತವಾಗಲಾರದು. ಅನುಕರಣವೆಂದಷ್ಟೇ ಬರೆದು ಮುಗಿಸಿದರೆ ಪಂಚೆಗೂ ಹಪ್ಪಳಕ್ಕೂ ಇರುವ ನಂಟು ಮರೆಯಾಗುವುದು. ಕಿವಿಗೆ ಕೇಳುವುದನ್ನೂ ಕೈಗೆ ತಿಳಿಯುವುದನ್ನೂ ನಮ್ಮ ಜನ ಬೇರೆ ಬೇರೆ ಮಾತುಗಳಿಂದ ಗುರುತಿಸಿರುವರೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು; ತಂತಮ್ಮ ಊರಿನ ಅಡುಗೆಮನೆಯ ಮಾತುಗಳನ್ನು ಇದೇ ಬಗೆಯಲ್ಲಿ ಪರೀಕ್ಷಿಸಿ ನೋಡಬೇಕು.